ಕ್ಷಯ, ದಾದಿ ಮತ್ತು ದಾಸೋಹ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ನೀರಾವರಿ ಇಲಾಖೆಯಲ್ಲಿ 32 ವರ್ಷ ದುಡಿದವನು ರೋಗದ ಬಗ್ಗೆ ಮಾತಾಡುವುದೇನು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಔಷಧದ ವಿಚಾರ ನನಗೆ ತಿಳಿಯದು, ಅದನ್ನು ವೈದ್ಯರಿಗೇ ಬಿಡುತ್ತೇನೆ. ನನಗೆ ತಿಳಿದಿರುವುದು ತಲುಪಿಸುವ ಕೆಲಸ. ಜಲಾಶಯ ತುಂಬಿದ್ದರೂ ಕಾಲುವೆಯ ಕೊನೆಯ ತೂಬಿಗೆ ನೀರು ಬಾರದಿದ್ದರೆ ಆ ರೈತನ ಪಾಲಿಗೆ ಜಲಾಶಯ ಇದ್ದೂ ಇಲ್ಲ. ಕ್ಷಯರೋಗದ ಕಥೆಯೂ ಹಾಗೆಯೇ ಇದೆ. ಅದರ ಕ್ರಿಮಿಯನ್ನು ರಾಬರ್ಟ್ ಕಾಖ್ ಕಂಡುಹಿಡಿದದ್ದು 1882ರಲ್ಲಿ. ಐಸೊನಿಯಜಿಡ್ ಎಂಬ ಅಗ್ಗದ ಮಾತ್ರೆ ಬಂದದ್ದು 1952ರಲ್ಲಿ. ಇಷ್ಟಾದರೂ ಇಂದು ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲಿದ್ದಾರೆ.

ಮೊದಲು ಸ್ಯಾನಟೋರಿಯಂ ಕಾಲವನ್ನು ನೆನೆಯೋಣ. ಮಾತ್ರೆ ಇಲ್ಲದ ದಿನಗಳಲ್ಲಿ ಊರಾಚೆ, ಒಳ್ಳೆಯ ಗಾಳಿ ಇರುವ ಕಡೆ ರೋಗಿಯನ್ನು ಮಲಗಿಸಿ, ಹಾಲು ಮೊಟ್ಟೆ ಕೊಟ್ಟು, ತಿಂಗಳುಗಟ್ಟಲೆ ವಿಶ್ರಾಂತಿ ಕೊಡಿಸುತ್ತಿದ್ದರು. ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ ಹೆಸರು ನಮ್ಮ ಹಿರಿಯರಿಗೆಲ್ಲ ಗೊತ್ತು. ಅರಮನೆಯ ಆ ರಾಜಕುಮಾರಿಯನ್ನು ಬಲಿ ತೆಗೆದುಕೊಂಡದ್ದೂ ಇದೇ ರೋಗ. ಹಾಸಿಗೆಗಳು ಕೆಲವೇ, ರೋಗಿಗಳು ಲಕ್ಷಗಟ್ಟಲೆ. ಉಳಿದವರು ಮನೆಯ ಮೂಲೆಯಲ್ಲಿ ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡು ಸಾಯುತ್ತಿದ್ದರು.

1956ರಲ್ಲಿ ಮದ್ರಾಸಿನಲ್ಲಿ ಒಂದು ಸಂಶೋಧನಾ ಕೇಂದ್ರ ತೆರೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ನಡೆಸಿದ ಕೇಂದ್ರ ಅದು. ಡಾ. ವ್ಯಾಲೇಸ್ ಫಾಕ್ಸ್ ಅದರ ಮುಂದಾಳು. ಅವರು ಕೇಳಿಕೊಂಡ ಪ್ರಶ್ನೆ ಸರಳವಾದದ್ದು. ಮಾತ್ರೆ ಬಂದ ಮೇಲೂ ರೋಗಿ ಸ್ಯಾನಟೋರಿಯಮ್ಮಿನಲ್ಲೇ ಮಲಗಬೇಕೇ, ಮನೆಯಲ್ಲಿದ್ದೇ ಗುಣವಾಗಬಹುದೇ? ಮದ್ರಾಸಿನ ಇಕ್ಕಟ್ಟಾದ ಬಡ ಕೇರಿಗಳಿಂದ ಬಂದ 193 ರೋಗಿಗಳನ್ನು ಎರಡು ಗುಂಪು ಮಾಡಿದರು. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರ ಮನಸ್ಸಿಗೆ ಬಿಡದೆ ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಹಾಗೆ ಮಾಡದಿದ್ದರೆ ಕರುಣೆಯುಳ್ಳ ವೈದ್ಯ ಹೆಚ್ಚು ಸೊರಗಿದವರನ್ನೆಲ್ಲ ಸ್ಯಾನಟೋರಿಯಮ್ಮಿಗೆ ಕಳಿಸಿಬಿಡುತ್ತಾನೆ, ಆಮೇಲೆ ಹೋಲಿಕೆಗೆ ಬೆಲೆಯೇ ಇರುವುದಿಲ್ಲ. ಎರಡೂ ಗುಂಪಿಗೆ ಒಂದೇ ಔಷಧ, ಒಂದು ವರ್ಷ.

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷದ ಕೊನೆಗೆ ಸ್ಯಾನಟೋರಿಯಂ ಗುಂಪಿನಲ್ಲಿ ನೂರಕ್ಕೆ 92, ಮನೆಯ ಗುಂಪಿನಲ್ಲಿ ನೂರಕ್ಕೆ 86 ಮಂದಿಯ ಕಫದಲ್ಲಿ ರೋಗ ಅಡಗಿತ್ತು. ಒಳ್ಳೆಯ ಊಟ, ಹಾಸಿಗೆ, ಹಗಲಿರುಳಿನ ಆರೈಕೆ ಒಂದು ಕಡೆ, ಕೂಲಿಯವರ ಗುಡಿಸಲು ಇನ್ನೊಂದು ಕಡೆ. ಅಷ್ಟಿದ್ದೂ ಅಂತರ ಇಷ್ಟೇ. ಇನ್ನೂ ದೊಡ್ಡ ಭಯವೊಂದಿತ್ತು. ರೋಗಿ ಮನೆಯಲ್ಲೇ ಇದ್ದರೆ ಹೆಂಡತಿ ಮಕ್ಕಳಿಗೆ ಅಂಟುವುದಿಲ್ಲವೇ? ಮನೆಯವರನ್ನು ಐದು ವರ್ಷ ಗಮನಿಸಿದರು. ಸ್ಯಾನಟೋರಿಯಮ್ಮಿಗೆ ಹೋದವರ ಮನೆಗಳಿಗಿಂತ ಇವರ ಮನೆಗಳಲ್ಲಿ ರೋಗ ಹೆಚ್ಚಾಗಿರಲಿಲ್ಲ. ಅಂಟುವುದೆಲ್ಲ ಹೆಚ್ಚಾಗಿ ರೋಗ ಪತ್ತೆಯಾಗುವ ಮೊದಲೇ ಅಂಟಿರುತ್ತದೆ. ಮಾತ್ರೆ ಶುರುವಾದ ಮೇಲೆ ಅಪಾಯ ಬೇಗನೆ ಇಳಿಯುತ್ತದೆ. ಬೇರೆ ತಟ್ಟೆ ಇಟ್ಟು ಮೂಲೆಯಲ್ಲಿ ಕೂರಿಸುವ ಪದ್ಧತಿಗೆ ಅಂದೇ ಆಧಾರ ತಪ್ಪಿತು. ನಮ್ಮ ಮನೆಗಳಲ್ಲಿ ಅದು ತಪ್ಪಿದೆಯೇ ಎಂಬುದನ್ನು ನೀವೇ ಹೇಳಬೇಕು.

ಈ ಪ್ರಯೋಗ ನಿಂತದ್ದು ಯಾರ ಕಾಲಿನ ಮೇಲೆ? ಮನೆ ಮನೆ ಅಲೆದ ದಾದಿಯರ, ಆರೋಗ್ಯ ಸಂದರ್ಶಕಿಯರ ಕಾಲಿನ ಮೇಲೆ. ಹೇಳದೆ ಕೇಳದೆ ಮನೆಗೆ ಹೋಗಿ, ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸಿ, ಮೂತ್ರ ಪರೀಕ್ಷೆಯಿಂದ ಔಷಧ ಹೊಟ್ಟೆಗೆ ಹೋಗಿದೆಯೇ ಎಂದು ನೋಡುತ್ತಿದ್ದರು. ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕ ಬರೆಯುವ ಜೂನಿಯರ್ ಎಂಜಿನಿಯರ್ ಇದ್ದ ಹಾಗೆ ಅವರು. ಗುದ್ದಲಿಪೂಜೆಯ ಫೋಟೋದಲ್ಲಿ ಅವನು ಇರುವುದಿಲ್ಲ, ಆದರೆ ಅವನು ಬರೆದ ಅಂಕಿ ಸುಳ್ಳಾದರೆ ಇಡೀ ಕಾಮಗಾರಿ ಸುಳ್ಳು.

ಇನ್ನು ನಮ್ಮ ರಾಜ್ಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್‌ರೇ ಯಂತ್ರ ಹೊತ್ತ ವಾಹನಗಳನ್ನು ಊರೂರಿಗೆ ಕಳಿಸಬೇಕು ಎಂಬುದು ಆಗಿನ ನಂಬಿಕೆ. ಸಂಸ್ಥೆಯ ಡಾ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ರೋಗಿಗಳನ್ನು ಅವರ ಮನೆಯಲ್ಲೇ ಕಂಡು ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಹೆಚ್ಚುಕಡಿಮೆ ಎಲ್ಲ ರೋಗಿಗಳಿಗೂ ತಮ್ಮ ದೇಹದಲ್ಲಿ ಏನೋ ಸರಿಯಿಲ್ಲ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಪರಿಹಾರ ಹುಡುಕಿಕೊಂಡು ಹೋಗಿದ್ದರು, ಬಹುಪಾಲು ಸರ್ಕಾರಿ ಆಸ್ಪತ್ರೆಗೇ. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ.

ಈ ವಾಕ್ಯವನ್ನು ನಾನು ಓದಿದ್ದು ನಿವೃತ್ತನಾದ ಮೇಲೆ. ಓದಿದಾಗ ನೆನಪಾದದ್ದು ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಉಪವಿಭಾಗದಲ್ಲಿದ್ದ ಒಬ್ಬ ನೀರುಗಂಟಿ. ಆಸ್ಪತ್ರೆಗೆ ಮೂರು ಸಲ ಹೋಗಿದ್ದ, ಹತ್ತು ಮೈಲಿ ನಡೆದು. ಮೂರು ಸಲವೂ ಕೆಂಪು ನೀರಿನ ಬಾಟಲಿ ಹಿಡಿದು ಬಂದಿದ್ದ. ನಾಲ್ಕನೆಯ ಸಲ ಒಬ್ಬ ದಾದಿ ಅವನ ಅಂಗಿಯ ತೋಳು ಸಡಿಲವಾಗಿರುವುದನ್ನು ನೋಡಿ, ಕಫ ಪರೀಕ್ಷೆ ಬರೆಯಿರಿ ಎಂದು ವೈದ್ಯರನ್ನು ಕೇಳಿಕೊಂಡರಂತೆ. ಅವನು ಬದುಕಿದ. ಅಷ್ಟರೊಳಗೆ ಅವನ ತಮ್ಮನಿಗೂ ಕೆಮ್ಮು ಹತ್ತಿತ್ತು.

ತುಮಕೂರಿನ ಅಧ್ಯಯನ ತಪ್ಪನ್ನು ಜನರ ಅಜ್ಞಾನದ ಮೇಲೆ ಹಾಕದೆ ಆಸ್ಪತ್ರೆಯ ಬಾಗಿಲಿಗೆ ತಂದಿತು. ಬಾಗಿಲಿಗೆ ಬಂದವನನ್ನು ಸರಿಯಾಗಿ ಕೇಳಿ, ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು, ಅರ್ಧ ಕೆಲಸ ಅಲ್ಲೇ ಆಗುತ್ತದೆ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ದಾರಿಯಲ್ಲೇ ಹೊರಟಿತು. ಕ್ಷಯಕ್ಕೆಂದು ಬೇರೆ ಆಸ್ಪತ್ರೆ ಕಟ್ಟುವ ಬದಲು ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಪರೀಕ್ಷೆ, ಮನೆಯಲ್ಲೇ ಚಿಕಿತ್ಸೆ. ಯೋಜನೆಯ ನಕ್ಷೆ ಉತ್ತಮವಾಗಿತ್ತು. ಕೊನೆಯ ತೂಬಿಗೆ ಔಷಧ ಹರಿಯದೆ ಹೋದದ್ದು ಬೇರೆ ಮಾತು, ಅದನ್ನು ಹೇಳುತ್ತ ಕೂತರೆ ಪ್ರಸಾದದ ಹೊತ್ತು ಮೀರುತ್ತದೆ.

ಈಗ ಅನ್ನದ ವಿಷಯ. ಮದ್ರಾಸಿನ ಪ್ರಯೋಗ ಕೇಳಿದವರು ಒಂದು ತೀರ್ಮಾನಕ್ಕೆ ಬಂದುಬಿಟ್ಟರು: ಮಾತ್ರೆ ಇದ್ದರೆ ಸಾಕು, ಊಟ ಮುಖ್ಯವಲ್ಲ. ಮದ್ರಾಸಿನವರು ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರ. ಆದರೆ ಅವರು ಕೇಳಿದ್ದು ಮಾತ್ರೆ ತಿಂದವನ ಕಫದಲ್ಲಿ ಕ್ರಿಮಿ ಸಾಯುತ್ತದೆಯೇ ಎಂದು. ಹಸಿದ ಮನೆಯಲ್ಲಿ ಮುಂದಿನ ರೋಗಿ ಹುಟ್ಟುವುದನ್ನು ಅನ್ನ ತಡೆಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಕೇಳಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಕೇಳಿದವರಲ್ಲಿ ಮುಖ್ಯರಾದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ನಡೆದದ್ದು ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ, ಬಹುಪಾಲು ಆದಿವಾಸಿ ಮನೆಗಳಲ್ಲಿ, 2019ರಿಂದ. ರೇಷನ್ಸ್ ಎಂದು ಅದರ ಹೆಸರು.

2,800 ರೋಗಿಗಳು, ಅವರ ಮನೆಯ 10,345 ಮಂದಿ. ರೋಗಿಗಳಿಗೆಲ್ಲ ಔಷಧದ ಜೊತೆ ಅಕ್ಕಿ, ಹುರಿಗಡಲೆ, ಹಾಲಿನ ಪುಡಿ, ಎಣ್ಣೆ ಕೊಟ್ಟರು. ಅರ್ಧ ಪ್ರದೇಶದಲ್ಲಿ ಮನೆಯ ಉಳಿದವರಿಗೂ ಕೊಟ್ಟರು: ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ಜೀವಸತ್ವದ ಮಾತ್ರೆ. 2023ರಲ್ಲಿ ಲೆಕ್ಕ ಹೊರಬಂತು. ಬೇಳೆ ಅಕ್ಕಿ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರು ನೂರಕ್ಕೆ 39ರಷ್ಟು ಕಡಿಮೆ. ಕಫದಿಂದ ಹರಡುವ ಶ್ವಾಸಕೋಶದ ಕ್ಷಯವನ್ನಷ್ಟೇ ತೆಗೆದುಕೊಂಡರೆ 48ರಷ್ಟು ಕಡಿಮೆ. ರೋಗಿಗಳಲ್ಲಿ ಹತ್ತಕ್ಕೆ ಎಂಟು ಮಂದಿ ಆರಂಭದಲ್ಲಿ ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದರು. ಮೊದಲ ಎರಡು ತಿಂಗಳಲ್ಲಿ ನೂರಕ್ಕೆ 5ರಷ್ಟು ತೂಕ ಏರಿದವರಲ್ಲಿ ಸಾವು ನೂರಕ್ಕೆ 61ರಷ್ಟು ಕಡಿಮೆ ಕಂಡಿತು. ನೂರಕ್ಕೆ ಐದು ಎಂದರೆ 40 ಕಿಲೋ ಇದ್ದವರಿಗೆ 2 ಕಿಲೋ. ಇದನ್ನು ಅಳೆಯಲು ತಜ್ಞರು ಬೇಡ, ಒಂದು ತೂಕದ ಯಂತ್ರ, ಅದನ್ನು ನೋಡಿ ಬರೆದುಕೊಳ್ಳುವ ಒಬ್ಬ ದಾದಿ ಅಥವಾ ಆಶಾ ಕಾರ್ಯಕರ್ತೆ ಸಾಕು.

ಎಂಜಿನಿಯರನ ಚಪಲ, ಎಸ್ಟಿಮೇಟ್ ಹಾಕದೆ ಇರಲಾರೆ. ಒಬ್ಬರಿಗೆ ಹೊಸದಾಗಿ ಕ್ಷಯ ಬರುವುದನ್ನು ತಪ್ಪಿಸಲು 30 ಮನೆಗಳಿಗೆ, ಅಂದರೆ 111 ಮಂದಿಗೆ ಹೀಗೆ ಕೊಡಬೇಕು ಎಂದು ಸಂಶೋಧಕರೇ ಅಂದಾಜಿಸಿದ್ದಾರೆ. ತಿಂಗಳಿಗೆ 555 ಕಿಲೋ ಅಕ್ಕಿ, 166 ಕಿಲೋ ಚಿಲ್ಲರೆ ಬೇಳೆ. ಅದೂ ಒಬ್ಬರಿಗಾಗಿಯೇ ಎಂದು ಹುಬ್ಬೇರಿಸಬೇಡಿ. ಆ ಒಬ್ಬರಿಂದ ಮುಂದೆ ಅಂಟಬಹುದಾಗಿದ್ದವರು ಈ ಲೆಕ್ಕದಲ್ಲಿ ಸೇರಿಲ್ಲ, ಮಿಕ್ಕ 110 ಮಂದಿಯ ಹೊಟ್ಟೆ ತುಂಬಿದ್ದೂ ಸೇರಿಲ್ಲ. ನಮ್ಮ ಜಾತ್ರೆಯ ದಾಸೋಹಕ್ಕೆ ಬರುವ ಅಕ್ಕಿ ಮೂಟೆಗಳನ್ನು ಇಳಿಸಿಕೊಂಡು ಎಣಿಸಿದವರು ಇಲ್ಲೇ ಕೂತಿದ್ದಾರೆ. 555 ಕಿಲೋ ಎಂದರೆ ಎಷ್ಟು ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ಕೊನೆಗೆ ಅದು ಸಾವಿರವಾಯಿತು. 2022ರಿಂದ ನಿಕ್ಷಯ್ ಮಿತ್ರ ಎಂಬ ಹೆಸರಿನಲ್ಲಿ ವ್ಯಕ್ತಿಗಳು, ಸಂಘ ಸಂಸ್ಥೆಗಳು ರೋಗಿಗಳಿಗೆ ಆಹಾರದ ಕಿಟ್ ಕೊಡಲು ಅವಕಾಶವಿದೆ. ಮಠವೂ ನೋಂದಾಯಿಸಿಕೊಳ್ಳಬಹುದು. ದಾಸೋಹವೆಂದರೆ ಮಠದ ಪಂಕ್ತಿಗೆ ಬಂದವರಿಗೆ ಬಡಿಸುವುದು ಮಾತ್ರ ಎಂದು ನಾವು ತಿಳಿದರೆ, ಪಂಕ್ತಿಗೆ ಬರಲು ನಾಚುವವರು ಉಪವಾಸ ಉಳಿಯುತ್ತಾರೆ. ಕ್ಷಯದವರು ಬರುವುದಿಲ್ಲ. ಕೆಮ್ಮಿದರೆ ಪಕ್ಕದವರು ಎದ್ದು ಹೋಗುತ್ತಾರೆಂಬ ಅಂಜಿಕೆ ಅವರಿಗೆ.

ಈ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕಾಯಿಲೆ ಪೂರ್ತಿ ಗುಣವಾದ ಹುಡುಗಿಯ ಸಂಬಂಧ ತಪ್ಪಿಹೋದ ಮನೆಗಳು ನನಗೆ ಗೊತ್ತು. ಜಾತಿ ಬೇಡವೆಂದು ಭಾಷಣ ಮಾಡುವ ನಮ್ಮವರೇ ಮಾತುಕತೆ ಮುರಿದುಕೊಂಡು ಎದ್ದು ಬಂದದ್ದೂ ಗೊತ್ತು. ಆದ್ದರಿಂದ ಪೂಜ್ಯರಲ್ಲೂ ಸಮಿತಿಯವರಲ್ಲೂ ನನ್ನ ಬಿನ್ನಹವೊಂದಿದೆ. ಕಿಟ್ ಕೊಡುವ ಕೆಲಸ ಶುರುಮಾಡುವುದಾದರೆ ಬ್ಯಾನರ್ ಬೇಡ, ವೇದಿಕೆ ಬೇಡ, ರೋಗಿಯನ್ನು ನಿಲ್ಲಿಸಿ ಫೋಟೋ ಬೇಡ. ಮಠದ ಹೆಸರು ಬರೆದ ಗಾಡಿ ಒಂದು ಮನೆಯ ಮುಂದೆ ಎರಡು ತಿಂಗಳು ನಿಂತರೆ ಮೂರನೆಯ ತಿಂಗಳಿಗೆ ಇಡೀ ಓಣಿಗೆ ವಿಷಯ ತಿಳಿಯುತ್ತದೆ. ಅಕ್ಕಿ ಬೇಳೆಯನ್ನು ಆರೋಗ್ಯ ಕೇಂದ್ರಕ್ಕೆ ಮುಟ್ಟಿಸೋಣ. ಯಾರ ಮನೆಗೆ ಎಂಬುದು ಅಲ್ಲಿನ ದಾದಿಗೂ ಆಶಾ ಕಾರ್ಯಕರ್ತೆಗೂ ಗೊತ್ತಿದ್ದರೆ ಸಾಕು. ನಮಗೆ ಬೇಕಾದದ್ದು ಎಷ್ಟು ಮನೆ, ಎಷ್ಟು ತಲೆ ಎಂಬ ಎರಡು ಅಂಕಿ ಮಾತ್ರ. ರೋಗಿಯ ಒಪ್ಪಿಗೆ ಇಲ್ಲದೆ ಅದನ್ನೂ ಕೇಳುವುದು ಬೇಡ.

ನಮ್ಮ ಕೇಂದ್ರದ ದಾದಿಯವರ ಜೊತೆ ಮಾತಾಡಿದ್ದೇನೆ. ಅವರು ಮುಂದಿನ ಗೋಷ್ಠಿಗೆ ಬರಲು ಒಪ್ಪಿದ್ದಾರೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇರುವವರು ನಿಮ್ಮ ಮನೆಯಲ್ಲೋ ತೋಟದ ಆಳುಗಳಲ್ಲೋ ಇದ್ದರೆ ಅಲ್ಲಿಯವರೆಗೆ ಕಾಯಬೇಡಿ, ನಾಳೆಯೇ ಕಫ ಪರೀಕ್ಷೆಗೆ ಕಳಿಸಿ, ಅದಕ್ಕೆ ದುಡ್ಡಿಲ್ಲ. ಗೋಷ್ಠಿಯ ದಿನ ದಾದಿಯವರಿಗೆ ಕೂರಲು ಮುಂದಿನ ಸಾಲಿನಲ್ಲಿ ಜಾಗ ಇಡಬೇಕೆಂದು ಸಮಿತಿಯವರನ್ನು ಕೇಳಿಕೊಂಡಿದ್ದೇನೆ.