ಪೆಂಡಾಲಿನ ಹೊರಗಿನ ಮಾತು

(ಕೊಪ್ಪಳದಲ್ಲಿ ಸೇರಿದ್ದ ಹಣ್ಣು ಮತ್ತು ತರಕಾರಿ ಬೆಳೆಗಾರರ ಸಭೆಯಲ್ಲಿ ರೈತರೊಬ್ಬರು ಮಾಡಿದ ಭಾಷಣ)



ಹನಿ ನೀರಾವರಿ ಮೇಲೆ ನಾಲ್ಕು ಮಾತು ಹೇಳ್ರಿ ಅಂತ ನನಗೆ ಹೇಳಿದ್ದರು. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲೇ ಕೂತಿದ್ದಾರೆ. ಹಾಗಾಗಿ ನಾನು ಬೇರೆ ವಿಷಯ ಎತ್ತಿಕೊಳ್ಳುತ್ತೇನೆ. ಈ ಪೆಂಡಾಲಿನ ಒಳಗೆ ಏನು ನಡೆಯುತ್ತದೆ ಎಂಬುದನ್ನಲ್ಲ, ಹೊರಗೆ ಏನು ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ. ಚಹಾದ ಡಬ್ಬಿಯ ಸುತ್ತ, ಊಟದ ಪಂಕ್ತಿಯಲ್ಲಿ, ಸಂಜೆ ಬಸ್ಸಿಗೆ ಕಾಯುವಾಗ ನಾವು ಆಡುವ ಮಾತಿನ ಬಗ್ಗೆ. ಇದೇನು ಭಾಷಣದ ವಿಷಯವೆ ಎಂದು ನಗಬೇಡಿ. ನನ್ನ ಲೆಕ್ಕದಲ್ಲಿ ನಮ್ಮ ಸಾಲಕ್ಕೂ ಈ ಮಾತಿಗೂ ನೇರ ಸಂಬಂಧವಿದೆ.

ನಮ್ಮ ಮೇಳಗಳು ಹೇಗೆ ನಡೆಯುತ್ತವೆ ಹೇಳ್ರಿ. ಹತ್ತೂವರೆಗೆ ಉದ್ಘಾಟನೆ ಎಂದು ಕಾರ್ಡಿನಲ್ಲಿ ಇರುತ್ತದೆ. ಉದ್ಘಾಟಕರು ಬರುವಾಗ ಹೊತ್ತು ನೆತ್ತಿಗೆ ಬಂದಿರುತ್ತದೆ. ಹಾರ, ಶಾಲು, ದೀಪ, ಸ್ವಾಗತ, ಪ್ರಾಸ್ತಾವಿಕ. ಯಂತ್ರ ಮಾರುವವರು, ಗೊಬ್ಬರ ಮಾರುವವರು, ಬೀಜ ಮಾರುವವರು ಅಂಗಡಿ ಹಾಕಿರುತ್ತಾರೆ. ವಿಜ್ಞಾನಿಗಳು ಮಾತಿಗೆ ನಿಲ್ಲುವ ಹೊತ್ತಿಗೆ ರೈತನ ಕಣ್ಣು ಗಡಿಯಾರದ ಮೇಲೆ, ಮನಸ್ಸು ಊರಿನ ಬಸ್ಸಿನ ಮೇಲೆ. ಇಷ್ಟೆಲ್ಲದರ ನಡುವೆ ರೈತ ರೈತನ ಜೊತೆ ಕೂತು ಮಾತಾಡಲಿಕ್ಕೆ ಕಾರ್ಯಕ್ರಮದ ಪಟ್ಟಿಯಲ್ಲಿ ಹತ್ತು ನಿಮಿಷ ಇಟ್ಟಿದ್ದನ್ನು ನಾನಂತೂ ನೋಡಿಲ್ಲ. ನಾವು ಕೇಳಲಿಕ್ಕೆ ಬಂದವರು, ಕೊಳ್ಳಲಿಕ್ಕೆ ಬಂದವರು. ಹೇಳಲಿಕ್ಕೆ ಬಂದವರಲ್ಲ.

ಹೇಳದೆ ಇದ್ದುದರಿಂದ ಏನಾಯಿತು ಎಂಬುದಕ್ಕೆ ನನ್ನದೇ ಕಥೆ ಹೇಳುತ್ತೇನೆ. 2000ದ ನಂತರದ ವರ್ಷಗಳಲ್ಲಿ ಕುಷ್ಟಗಿ, ಯಲಬುರ್ಗಾದ ಕೆಂಪು ಮಸಾರಿ ಹೊಲಗಳಲ್ಲಿ ದಾಳಿಂಬೆಯ ಹುಚ್ಚು ಹೇಗೆ ಹಬ್ಬಿತ್ತು ಎಂಬುದು ನಿಮಗೆ ಗೊತ್ತು. ಸಜ್ಜಿ, ಜೋಳ ಬಿತ್ತಿದವರು ಬೋರು ಕೊರೆಸಿದರು, ಬ್ಯಾಂಕಿನ ಬಾಗಿಲು ಬಡಿದರು. ನಾನೂ ಮೂರು ಎಕರೆ ಹಚ್ಚಿದೆ. ಸಸಿ ಎಲ್ಲಿ ಕೊಂಡೆ? ಒಬ್ಬ ವ್ಯಾಪಾರಿ ಬೆಳೆಗಾರರಿಗೆಂದು ಒಳ್ಳೆ ಊಟ ಹಾಕಿಸಿದ್ದ. ಹೋಳಿಗೆ ಉಂಡು, ಎಲೆ ಅಡಿಕೆ ಮೆದ್ದು, ಅಲ್ಲೇ ಮುಂಗಡ ಕೊಟ್ಟು ಬಂದೆ. ಆ ಪಂಕ್ತಿಯಲ್ಲಿ ನನ್ನ ಬಲಕ್ಕೆ ಕೂತಿದ್ದವರು ಅದೇ ಸಸಿ ಎರಡು ವರ್ಷ ಮೊದಲು ಹಚ್ಚಿದ್ದರು. ಅವರ ತೋಟದ ಎಲೆಯ ಮೇಲೆ ಆಗಲೇ ಎಣ್ಣೆ ಚುಕ್ಕಿ ಬಿದ್ದಿತ್ತು, ಕಾಯಿ ಕಪ್ಪಾಗಿ ಸೀಳುತ್ತಿತ್ತು. ದುಂಡಾಣು ಅಂಗಮಾರಿ ಅದು. ಅವರು ನನಗೆ ಒಂದು ಮಾತು ಹೇಳಲಿಲ್ಲ. ನಾನೂ ಕೇಳಲಿಲ್ಲ. "ತೋಟ ಹ್ಯಾಂಗದರೀ?" ಅಂದೆ. "ಚಲೋ ಅದ" ಅಂದರು. ಅಷ್ಟೇ.

ಮೂರು ವರ್ಷ ಕಳೆದ ಮೇಲೆ ನನ್ನ ಗಿಡ ಕಿತ್ತು ಬೆಂಕಿಗೆ ಹಾಕುವಾಗ ಅವರೇ ನೋಡಲಿಕ್ಕೆ ಬಂದರು. ಬದುವಿನ ಮೇಲೆ ಕೂತು ಹೇಳಿದರು: "ನನ್ನ ತ್ವಾಟಕ್ಕ ರೋಗ ಬಂದದ ಅಂತ ನಾಕು ಮಂದ್ಯಾಗ ಹೆಂಗ ಹೇಳ್ಲಿ? ಹೇಳಿದ್ರ ಕಾಯಿ ಕೊಳ್ಳೋರು ಬರಂಗಿಲ್ಲ, ಸಾಲ ಕೊಟ್ಟಾವ ಮನಿಗೆ ಬರ್ತಾನ." ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ರೋಗ ಬಾಯಿ ಮುಚ್ಚಿ ಕೂಡುವುದಿಲ್ಲ. ಸಸಿಯ ಜೊತೆ ಬರುತ್ತದೆ, ಮಳೆಹನಿ ಸಿಡಿದು ಹರಡುತ್ತದೆ, ಒಂದು ಗಿಡ ಸವರಿದ ಕತ್ತರಿ ತೊಳೆಯದೆ ಇನ್ನೊಂದಕ್ಕೆ ಹಚ್ಚಿದರೆ ಅದರಲ್ಲಿಯೂ ಹೋಗುತ್ತದೆ. ಬ್ಯಾಂಕಿನ ಬಡ್ಡಿಯೂ ಬಾಯಿ ಮುಚ್ಚಿ ಕೂಡಲಿಲ್ಲ. ಗಿಡ ಸುಟ್ಟ ಮೇಲೆ ಏಳು ವರ್ಷ ನಾನು ಆ ಸಾಲ ತೀರಿಸಿದೆ. ಒಂದು ಪಂಕ್ತಿಯಲ್ಲಿ ಆಡದೆ ಬಿಟ್ಟ ಒಂದು ಮಾತಿನ ಬೆಲೆ ಅದು.

ಇನ್ನು ದರದ ಮಾತು. ಒಂದು ಸಲ ಟೊಮ್ಯಾಟೊ ಎಂಬತ್ತು ಕ್ರೇಟು ಕಳಿಸಿದ್ದೆ. ಕ್ರೇಟಿಗೆ 300 ರೂಪಾಯಿಯಂತೆ ಪಟ್ಟಿ ಬಂತು. ವಾರದ ಮೇಲೆ ಒಂದು ಸಭೆಯ ಊಟದಲ್ಲಿ ಗಂಗಾವತಿ ಕಡೆಯ ರೈತರೊಬ್ಬರು ಸಿಕ್ಕರು. ಅದೇ ದಿನ, ಅದೇ ಮಾರುಕಟ್ಟೆ, ಅಂಥದೇ ಮಾಲು. ಅವರಿಗೆ 360 ಬಂದಿತ್ತು. ಎಂಬತ್ತು ಕ್ರೇಟಿಗೆ 4,800 ರೂಪಾಯಿ ಅಂತರ. ಅಷ್ಟೇ ಅಲ್ಲ, ನನ್ನ 24,000ದಲ್ಲಿ ನೂರಕ್ಕೆ ಹತ್ತರಂತೆ 2,400 ರೂಪಾಯಿ ಕಮಿಷನ್ ಹಿಡಿದಿದ್ದರು. ಅವರು ಜಗಳ ಮಾಡಿ ಅದನ್ನು ಕೊಟ್ಟಿರಲಿಲ್ಲ. "ನಿಮಗ ಗೊತ್ತಿಲ್ಲೇನು? ಕಮಿಷನ್ ಕೊಳ್ಳಾವ ಕೊಡಬೇಕು, ಮಾರಾವ ಅಲ್ಲ" ಅಂದರು. ಹೌದು, ನಮ್ಮ ರಾಜ್ಯದ 1966ರ ಎ.ಪಿ.ಎಂ.ಸಿ. ಕಾಯ್ದೆಯ ವ್ಯವಸ್ಥೆ ಅದೇ. ಇಷ್ಟು ವರ್ಷ ಮಾರುಕಟ್ಟೆಗೆ ಓಡಾಡಿದ ನನಗೆ ಅದನ್ನು ಯಾವ ಭಾಷಣವೂ ಹೇಳಿರಲಿಲ್ಲ. ಅನ್ನ ಸಾರು ಕಲಸುತ್ತಾ ಒಬ್ಬ ರೈತ ಹೇಳಿದ. ಬಿಳಿ ಚೀಟಿಯ ಮೇಲೆ ಬರೆದ ಲೆಕ್ಕಕ್ಕೆ ಬೆಲೆ ಇಲ್ಲ, ನಂಬರಿರುವ ರಸೀದಿ ಕೇಳಬೇಕು ಎಂಬುದನ್ನೂ ಅವನೇ ಹೇಳಿದ.

ಬೀಜೋತ್ಪಾದನೆ ಮಾಡುವವರದೂ ಇದೇ ಪಾಡು. ಕುಷ್ಟಗಿ, ಕೊಪ್ಪಳ ಸುತ್ತಿನಲ್ಲಿ ಕಂಪನಿಗಳಿಗಾಗಿ ಟೊಮ್ಯಾಟೊ, ಮೆಣಸಿನಕಾಯಿ, ಕಲ್ಲಂಗಡಿಯ ಹೈಬ್ರಿಡ್ ಬೀಜ ತೆಗೆಯುವವರು ಬಹಳ ಮಂದಿ ಇದ್ದೀರಿ. ಬೀಜ ಕೊಟ್ಟು, ಅದು ಮೊಳಕೆ ಪರೀಕ್ಷೆಯಲ್ಲಿ ಪಾಸಾಗಿ, ರೊಕ್ಕ ಕೈಗೆ ಬರಲಿಕ್ಕೆ ತಿಂಗಳುಗಟ್ಟಲೆ. ಫೇಲಾದರೆ ಏಕೆ ಫೇಲಾಯಿತು ಎಂದು ಕೇಳುವ ಹಾಗಿಲ್ಲ. ಒಪ್ಪಂದದ ಪ್ರತಿ ನಿಮ್ಮ ಮನೆಯಲ್ಲಿ ಇದೆಯೆ? ಪಕ್ಕದ ಹಳ್ಳಿಯವನಿಗೆ ಕಿಲೋಕ್ಕೆ ಎಷ್ಟು ಕೊಟ್ಟರು ಎಂದು ಗೊತ್ತಿದೆಯೆ? ಕಂಪನಿಗೆ ಎಲ್ಲರ ದರವೂ ಗೊತ್ತು. ನಮಗೆ ನಮ್ಮೊಬ್ಬರದೇ ಗೊತ್ತು. ಹೀಗಿದ್ದ ಮೇಲೆ ಚೌಕಾಶಿಯಲ್ಲಿ ಯಾರು ಗೆಲ್ಲುತ್ತಾರೆ?

ಮತ್ತು ಆ ಬೀಜದ ಹೂವನ್ನು ಒಂದೊಂದಾಗಿ ಕ್ರಾಸ್ ಮಾಡುವವರು ಯಾರು? ನಮ್ಮ ಹೆಣ್ಣುಮಕ್ಕಳು. ಯಾವ ಸಾಲಿನಲ್ಲಿ ಕಾಯಿ ಕಟ್ಟಲಿಲ್ಲ, ಯಾವ ಔಷಧ ಹೊಡೆದ ಮೇಲೆ ಹೂ ಉದುರಿತು ಎಂದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಮೇಳಕ್ಕೆ ಮಾತ್ರ ನಾವು ಗಂಡಸರು ಬಿಳಿ ಅಂಗಿ ಹಾಕಿಕೊಂಡು ಬರುತ್ತೇವೆ. ಇವತ್ತು ಇಲ್ಲಿ ಬಂದಿರುವ ತಾಯಂದಿರನ್ನು ಎಣಿಸಿರಿ. ಎರಡು ಕೈಯ ಬೆರಳು ಸಾಕು.

2023ರ ಮೇ ತಿಂಗಳಲ್ಲಿ ಇದೇ ಕೊಪ್ಪಳದ ಮಾವು ಮೇಳದಲ್ಲಿ ಜಪಾನಿನ ಮಿಯಾಜಾಕಿ ಹಣ್ಣು ಇಟ್ಟಿದ್ದರು. ಕಿಲೋಕ್ಕೆ ಎರಡೂವರೆ ಲಕ್ಷ ರೂಪಾಯಿ ಎಂದರು. ಅದನ್ನು ನೋಡಲಿಕ್ಕೆ, ಫೋಟೋ ತೆಗೆಸಿಕೊಳ್ಳಲಿಕ್ಕೆ ಜನವೋ ಜನ. ಇಲಾಖೆಯವರನ್ನು ನಾನು ಬೈಯುವುದಿಲ್ಲ. ದಲಾಲಿ ಇಲ್ಲದೆ ರೈತ ನೇರ ಮಾರುವ ಜಾಗ ಮಾಡಿಕೊಟ್ಟದ್ದು ದೊಡ್ಡ ಉಪಕಾರ. ಆದರೆ ನಾವು ಏನು ಕೇಳಬೇಕಾಗಿತ್ತು? ಪಕ್ಕದ ಮೇಜಿನ ಕೇಸರ್ ಬೆಳೆಗಾರನಿಗೆ "ಎಷ್ಟು ಬಾಕ್ಸು ಹೋಯಿತು, ಕೊಂಡವರು ಯಾರು, ತೋಟದಲ್ಲಿ ಗುತ್ತಿಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತು" ಎಂದು ಕೇಳಬೇಕಾಗಿತ್ತು. ಎರಡೂವರೆ ಲಕ್ಷದ ಹಣ್ಣು ನಮ್ಮ ಕಣ್ಣು ತುಂಬಿತು. ಹೊಟ್ಟೆ ತುಂಬುವುದು ಕೇಸರ್ ಲೆಕ್ಕದಿಂದ.

ಊಟದ ಮಾತಿಗೆ ಮತ್ತೆ ಬರುತ್ತೇನೆ. ಉಂಡ ಮನೆಯ ಜಂತಿ ಎಣಿಸಬಾರದು ಎಂಬ ಗಾದೆ ನಮ್ಮದು. ಕಂಪನಿಯ ಊಟ ಉಂಡ ಮೇಲೆ ಕಂಪನಿಯ ಜಂತಿ ಎಣಿಸುವುದು ಹೇಗೆ? ಎಣಿಸಲೇಬೇಕಾದ ಜಂತಿ ಅವು. ಆದ್ದರಿಂದ ನಮ್ಮ ಸಭೆಯ ಊಟ ನಮ್ಮದೇ ಆಗಬೇಕು. ಇದು ಆಗದ ಮಾತೆ? ಗವಿಸಿದ್ಧೇಶ್ವರ ಜಾತ್ರೆಗೆ ಊರೂರಿನಿಂದ ಬಂಡಿಗಟ್ಟಲೆ ರೊಟ್ಟಿ ಬರುತ್ತವೆ. ಲಕ್ಷ ಲಕ್ಷ ಜನ ದಾಸೋಹದಲ್ಲಿ ಉಣ್ಣುತ್ತಾರೆ. ಯಾರೂ ಯಾರಿಗೂ ಋಣಿಯಲ್ಲ. ಅಂಥ ಊರಿನಲ್ಲಿ ಕೂತು ಮುನ್ನೂರು ಬೆಳೆಗಾರರ ಊಟಕ್ಕೆ ಔಷಧದ ಅಂಗಡಿಯವನ ಮುಖ ನೋಡುವುದು ನಾಚಿಕೆಗೇಡು. ರೊಟ್ಟಿ ಬುತ್ತಿ ಕಟ್ಟಿಕೊಂಡು ಬರೋಣ. ಪಲ್ಯದ ಬದನೆಕಾಯಿ ನಮ್ಮ ಹೊಲದಲ್ಲೇ ಇದೆ.

ಕೂತು ಮಾತಾಡಿದರೆ ದರ ಏರುತ್ತದೆಯೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲರೂ ಒಂದೇ ವಾರ ಟೊಮ್ಯಾಟೊ ತಂದು ಸುರಿದರೆ ಯಾವ ಮಾತೂ ದರ ಏರಿಸುವುದಿಲ್ಲ. ಆದರೆ ಯಾರು ಎಷ್ಟು ನಾಟಿ ಮಾಡಿದ್ದಾರೆ ಎಂದು ನಾಟಿಗೆ ಮೊದಲೇ ತಿಳಿದರೆ ನಾಲ್ಕು ಜನ ಬೇರೆ ಬೆಳೆಗೆ ಹೋಗಬಹುದು. ಇನ್ನು ಮಾತು ಮಾತಾಗಿಯೇ ಉಳಿಯಬೇಕಾಗಿಲ್ಲ. 1959ರಲ್ಲಿ ಬೆಂಗಳೂರು ಸುತ್ತಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ತೋಟಗಾರಿಕೆಯ ಮರಿಗೌಡರ ಪ್ರೇರಣೆ ಅದಕ್ಕೆ ಇತ್ತು. ಅದೇ ಬೆಳೆದು ಹಾಪ್‌ಕಾಮ್ಸ್ ಆಯಿತು. ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರು ಸಂಘ ಕಟ್ಟಿ, ವರ್ಷಕ್ಕೊಮ್ಮೆ ಸೇರಿ, ತೋಟದ ಲೆಕ್ಕ ಒಬ್ಬರ ಮುಂದೊಬ್ಬರು ಬಿಚ್ಚಿದರು. 1991ರಲ್ಲಿ ಅಲ್ಲಿಯ ಸಹಕಾರ ಸಂಘಗಳು ಕೂಡಿ ಮಹಾಗ್ರೇಪ್ಸ್ ಎಂದು ಕಟ್ಟಿಕೊಂಡು ಪರದೇಶಕ್ಕೆ ಹಣ್ಣು ಕಳಿಸಿದವು. ಅಮೆರಿಕದ ಮಿಶಿಗನ್‌ನಲ್ಲಿ ಹಣ್ಣು ತರಕಾರಿ ಬೆಳೆಗಾರರ ದೊಡ್ಡ ಸಮಾವೇಶ ಡಿಸೆಂಬರಿನಲ್ಲಿ ನಡೆಯುತ್ತದೆ, ಹಿಮ ಬಿದ್ದು ಹೊಲದ ಕೆಲಸ ನಿಂತ ಕಾಲದಲ್ಲಿ. ನಮ್ಮ ಮಾವಿನ ಮೇಳ ಕೊಯ್ಲಿನ ನಡುವೆ ಬರುತ್ತದೆ. ಮಾರಲಿಕ್ಕೆ ಅದು ಸರಿ. ಕೂತು ಮಾತಾಡಲಿಕ್ಕೆ ಬೇರೊಂದು ದಿನ ಬೇಕು.

ಹಾಗಾದರೆ ನಾವೇನು ಮಾಡಬೇಕು? ಐದು ಮಾತು ಹೇಳುತ್ತೇನೆ.

ಒಂದು, ಕಾರ್ಯಕ್ರಮದ ಪಟ್ಟಿಯಲ್ಲಿ ಊಟದ ಮುಂಚೆ ಒಂದು ತಾಸು ರೈತ ರೈತರ ಮಾತಿಗೆ ಎಂದು ಅಚ್ಚು ಹಾಕಿಸಬೇಕು. ಆ ತಾಸಿನಲ್ಲಿ ಮೈಕು ಬಂದ್.

ಎರಡು, ಎದೆಯ ಮೇಲೆ ಒಂದು ಚೀಟಿ. ಹೆಸರು, ಊರು, ಬೆಳೆ, ಎಕರೆ. ದಾಳಿಂಬೆಯವರು ಒಂದು ಕಡೆ, ಮೆಣಸಿನಕಾಯಿಯವರು ಒಂದು ಕಡೆ ಕೂಡಲಿ. ಕಾಲುವೆಯ ರೈತ, ಬೋರಿನ ರೈತ ಎಂಬ ಭೇದ ಬೇಡ. 2024ರ ಆಗಸ್ಟಿನಲ್ಲಿ ತುಂಗಭದ್ರೆಯ ಹತ್ತೊಂಬತ್ತನೇ ಗೇಟು ಕೊಚ್ಚಿಹೋದ ರಾತ್ರಿ ಕಾಲುವೆಯ ರೈತನಿಗೂ ನೀರಿನ ಚಿಂತೆ ಏನೆಂದು ಗೊತ್ತಾಯಿತು.

ಮೂರು, ಪ್ರತಿಯೊಬ್ಬರೂ ಕೊನೆಯ ಪಟ್ಟಿ ತರಬೇಕು. ಒಂದು ಕರಿಹಲಗೆಯ ಮೇಲೆ ಮಾರುಕಟ್ಟೆ, ದಿನ, ದರ, ಹಿಡಿದ ಕಮಿಷನ್, ಹಮಾಲಿ ಬರೆಯಬೇಕು. ಆ ಹಲಗೆಯ ಫೋಟೋ ನಮ್ಮ ಮೊಬೈಲ್ ಗುಂಪಿಗೆ ಹೋಗಲಿ. ಶುಭೋದಯದ ಹೂವಿನ ಚಿತ್ರ ಸಾಕು.

ನಾಲ್ಕು, ಮೂಲೆಯಲ್ಲಿ ಒಂದು ಮೇಜು ಸಾಲದವರಿಗೆ. ಬ್ಯಾಂಕಿನ ನೋಟೀಸು, ಒಪ್ಪಂದದ ಕಾಗದ ಓದಿ ಹೇಳುವ ಒಬ್ಬ ಬಲ್ಲವರು ಅಲ್ಲಿರಲಿ. ಸಾಲ ಇದ್ದವನು ಕಳ್ಳನಲ್ಲ. ಹೇಳಿಕೊಳ್ಳಲಿಕ್ಕೆ ಜಾಗ ಇಲ್ಲದೆ ಒಬ್ಬನೇ ರಾತ್ರಿ ಎಚ್ಚರ ಕೂಡುವವನು ಯಾವ ದಾರಿ ಹಿಡಿಯುತ್ತಾನೆ ಎಂಬುದನ್ನು ನಮ್ಮ ಹಳ್ಳಿಗಳು ಕಂಡಿವೆ.

ಐದು, ಮುಂದಿನ ಸಲ ಬರುವಾಗ ಮನೆಯ ಹೆಣ್ಣುಮಗಳನ್ನು ಕರೆದುಕೊಂಡು ಬನ್ನಿ. ಬಡಿಸಲಿಕ್ಕೆ ಅಲ್ಲ, ಮಾತಾಡಲಿಕ್ಕೆ.

ಈಗ ಊಟದ ಹೊತ್ತು. ಹೊರಗೆ ಪಂಕ್ತಿ ಹಾಕಿದ್ದಾರೆ. ನಿಮ್ಮೂರಿನವರ ಪಕ್ಕ ಕೂಡಬೇಡಿ, ಗುರುತಿಲ್ಲದವರ ಪಕ್ಕ ಕೂಡಿ. ತೋಟ ಹ್ಯಾಂಗದ ಎಂದು ಅವರು ಕೇಳಿದರೆ ಚಲೋ ಅದ ಎಂದು ಹೇಳಿ ಸುಮ್ಮನಾಗಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿರಿ. ನನಗೆ ಆವತ್ತು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತು ನಾನೇ ಮೊದಲು ಹೇಳುತ್ತೇನೆ: ಈ ವರ್ಷ ಮತ್ತೆ ಒಂದು ಎಕರೆ ದಾಳಿಂಬೆ ಹಚ್ಚಿದ್ದೇನೆ, ಎರಡು ಗಿಡದ ಎಲೆಯ ಮೇಲೆ ಚುಕ್ಕಿ ಕಂಡಿದೆ. ಬಲ್ಲವರು ಯಾರಾದರೂ ಇದ್ದರೆ ನನ್ನ ಪಕ್ಕ ಬಂದು ಕೂಡಿರಿ.