ಕಾರು ಉಳಿಯಿತು, ಪಿಂಚಣಿ ಕರಗಿತು: ಸ್ಟುಡಿಬೇಕರ್ ಕಥೆ

(ನಗರದ ಓದುಗರ ಬಳಗವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಕಾರುಗಳ ಬಗ್ಗೆ ಮಾತನಾಡಲು ನನಗೆ ಹೇಳಿಕೊಳ್ಳುವಂಥ ಅರ್ಹತೆಯೇನೂ ಇಲ್ಲ. ನನ್ನದೆಂಬ ಕಾರಿಲ್ಲ, ಕಚೇರಿಗೆ ಬರುವುದು ಸಿಟಿ ಬಸ್ಸಿನಲ್ಲಿ. ಕಳೆದ ವರ್ಷ ಹಳೆಯ ಕಾರುಗಳ ಮೆರವಣಿಗೆಯೊಂದರ ವರದಿಗೆ ನನ್ನನ್ನು ಕಳುಹಿಸಿದ್ದರು. ಅಲ್ಲಿ ನಿಂತಿದ್ದ ಒಂದು ಕಾರಿನ ಮೂತಿ ವಿಮಾನದ ಮೂತಿಯಂತೆ ಮುಂದಕ್ಕೆ ಚಾಚಿಕೊಂಡಿತ್ತು. ಪಕ್ಕದಲ್ಲಿದ್ದ ಹುಡುಗನೊಬ್ಬ, 'ಅಂಕಲ್, ಇದರ ರೆಕ್ಕೆ ಎಲ್ಲಿ?' ಎಂದು ಕೇಳಿಯೇಬಿಟ್ಟ. ಮಾಲೀಕರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, 'ಇದನ್ನು ಮಾಡಿದವರು ಕಾರು ಮಾಡೋದು ಬಿಟ್ಟು ಹತ್ತಿರ ಹತ್ತಿರ ಅರವತ್ತು ವರ್ಷ ಆಯ್ತಮ್ಮ. ಬಿಡಿಭಾಗ ಮಾತ್ರ ಇವತ್ತಿಗೂ ಸಿಗುತ್ತೆ' ಎಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಮುಚ್ಚಿಹೋದ ಕಂಪನಿಯ ಬಿಡಿಭಾಗ ಇಷ್ಟು ವರ್ಷದ ಮೇಲೂ ಸಿಗುವುದು ಹೇಗೆ? ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಒಂದಲ್ಲ, ಎರಡು ಕಥೆ. ಒಂದು ಆ ಕಾರನ್ನು ಕೊಂಡವರದು, ಇನ್ನೊಂದು ಅದನ್ನು ಮಾಡಿದವರದು. ಆ ಕಾರಿನ ಹೆಸರು ಸ್ಟುಡಿಬೇಕರ್. ನಮ್ಮ ದೇಶಕ್ಕೂ ಇದು ತೀರ ಹೊಸ ಹೆಸರೇನಲ್ಲ. ಅಂಬಾಸಡರ್ ಕಾರಿನಿಂದ ಮನೆಮಾತಾದ ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆ ಸ್ವಾತಂತ್ರ್ಯಾನಂತರದ ಆರಂಭದ ವರ್ಷಗಳಲ್ಲಿ ಸ್ಟುಡಿಬೇಕರ್ ವಾಹನಗಳನ್ನೂ ಇಲ್ಲಿ ಜೋಡಿಸುತ್ತಿತ್ತು.

ಕಥೆ ಆರಂಭವಾಗುವುದು ಕಾರಿನಿಂದಲ್ಲ, ಕುಲುಮೆಯಿಂದ. 1852ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಎಂಬ ಊರಿನಲ್ಲಿ ಹೆನ್ರಿ ಮತ್ತು ಕ್ಲೆಮೆಂಟ್ ಸ್ಟುಡಿಬೇಕರ್ ಎಂಬ ಅಣ್ಣತಮ್ಮಂದಿರು ಕಮ್ಮಾರಸಾಲೆ ತೆರೆದರು. ಅವರ ಬಂಡವಾಳ 68 ಡಾಲರು. ಲಾಳ ಕಟ್ಟುವುದು, ಗಾಡಿ ದುರಸ್ತಿ ಮಾಡುವುದು ಅವರ ಕಸುಬು. ಮೂರನೆಯ ತಮ್ಮ ಜಾನ್ ಚಿನ್ನದ ಆಸೆಯಿಂದ ದೂರದ ಕ್ಯಾಲಿಫೋರ್ನಿಯಾಕ್ಕೆ ಹೊರಟ. ಅಲ್ಲಿಗೆ ಹೋದ ಮೇಲೆ ಚಿನ್ನ ಅಗೆಯುವುದಕ್ಕಿಂತ, ಅಗೆಯುವವರಿಗೆ ಬೇಕಾದುದನ್ನು ಮಾಡಿಕೊಡುವುದೇ ಲೇಸೆಂದು ಅವನಿಗೆ ತಿಳಿಯಿತು. ಪ್ಲಾಸರ್‌ವಿಲ್ ಎಂಬ ಗಣಿ ಊರಿನಲ್ಲಿ ಕುಳಿತು ಮಣ್ಣು ಸಾಗಿಸುವ ಒಂಟಿಚಕ್ರದ ಕೈಗಾಡಿಗಳನ್ನು ಮಾಡಿ ಮಾರಿದ. 1858ರಲ್ಲಿ ಮನೆಗೆ ಮರಳಿದಾಗ ಅವನ ಬಳಿ 8,000 ಡಾಲರು ಇತ್ತು. ಹಣ ಅಣ್ಣಂದಿರ ವ್ಯವಹಾರಕ್ಕೆ ಸೇರಿತು.

ಮುಂದಿನದು ಏರುಗತಿಯ ಕಾಲ. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಉತ್ತರದ ಸೈನ್ಯಕ್ಕೆ ಗಾಡಿಗಳು ಬೇಕಾದವು. ಪಶ್ಚಿಮಕ್ಕೆ ವಲಸೆ ಹೊರಟ ರೈತರಿಗೂ ಬೇಕಾದವು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಸ್ಟುಡಿಬೇಕರ್ ಜಗತ್ತಿನ ಬಹು ದೊಡ್ಡ ಗಾಡಿ ಕಾರ್ಖಾನೆಗಳಲ್ಲೊಂದು. ಕುದುರೆ ಗಾಡಿಯ ಎಷ್ಟೋ ಹೆಸರಾಂತ ತಯಾರಕರು ಕಾರು ಬಂದಾಗ ಕೈಚೆಲ್ಲಿ ಕುಳಿತರು. ಸ್ಟುಡಿಬೇಕರ್ ಹಾಗೆ ಮಾಡಲಿಲ್ಲ. 1902ರಲ್ಲಿ ವಿದ್ಯುತ್ ಕಾರು, 1904ರಲ್ಲಿ ಪೆಟ್ರೋಲ್ ಕಾರು ಹೊರತಂದಿತು. ಹೌದು, ವಿದ್ಯುತ್ ಕಾರು! ಇಂದು ನಾವು ಹೊಸತೆಂದು ಬೆರಗಾಗಿ ನೋಡುವ ವಸ್ತುವಿನಿಂದಲೇ ಅವರ ಕಾರು ವ್ಯಾಪಾರ ಆರಂಭವಾಗಿತ್ತು.

ಮೊದಲ ಪೆಟ್ಟು ಬಿದ್ದದ್ದು ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ. ಮಾರುಕಟ್ಟೆ ಬೇಗ ಚೇತರಿಸುತ್ತದೆ ಎಂಬ ಭರವಸೆಯಲ್ಲಿ ಅಧ್ಯಕ್ಷ ಆಲ್ಬರ್ಟ್ ಅರ್ಸ್ಕಿನ್ ಷೇರುದಾರರಿಗೆ ಲಾಭಾಂಶ ಹಂಚುತ್ತಲೇ ಹೋದರು, ಬೊಕ್ಕಸ ಬರಿದಾಯಿತು. 1933ರ ಮಾರ್ಚಿಯಲ್ಲಿ ಕಂಪನಿ ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು. ಜುಲೈ ತಿಂಗಳಲ್ಲಿ ಅರ್ಸ್ಕಿನ್ ಆತ್ಮಹತ್ಯೆ ಮಾಡಿಕೊಂಡರು. ಪಾಲ್ ಹಾಫ್‌ಮನ್ ಮತ್ತು ಹೆರಾಲ್ಡ್ ವಾನ್ಸ್ ಎಂಬ ಇಬ್ಬರು ಅಧಿಕಾರಿಗಳು ಮುಳುಗುತ್ತಿದ್ದ ಹಡಗನ್ನು ದಡಕ್ಕೆ ತಂದರು. ಇದೇ ಹಾಫ್‌ಮನ್ ಮುಂದೆ 1948ರಲ್ಲಿ, ಯುದ್ಧದಿಂದ ಜರ್ಜರಿತವಾದ ಯುರೋಪಿಗೆ ನೆರವು ನೀಡುವ ಮಾರ್ಷಲ್ ಯೋಜನೆಯ ಆಡಳಿತ ವಹಿಸಿಕೊಂಡರು. ಆಮೇಲೆ ಫೋರ್ಡ್ ಪ್ರತಿಷ್ಠಾನದ ಅಧ್ಯಕ್ಷರಾದರು. 1952ರಲ್ಲಿ ಆ ಪ್ರತಿಷ್ಠಾನ ದೆಹಲಿಯಲ್ಲಿ ಕಚೇರಿ ತೆರೆದದ್ದು ಅವರ ಅವಧಿಯಲ್ಲೇ.

ಎರಡನೆಯ ಮಹಾಯುದ್ಧದಲ್ಲಿ ಸ್ಟುಡಿಬೇಕರ್ ಬಾಂಬರ್ ವಿಮಾನಗಳಿಗೆ ಎಂಜಿನ್, ಸೈನ್ಯಕ್ಕೆ ಲಾರಿ ತಯಾರಿಸಿತು. ಅದರ ಆರು ಚಕ್ರದ ಲಾರಿಗಳು ಒಂದು ಲಕ್ಷಕ್ಕೂ ಮಿಕ್ಕಿ ಸೋವಿಯತ್ ಒಕ್ಕೂಟಕ್ಕೆ ಹೋದವು. ಪ್ರಸಿದ್ಧ 'ಕತ್ಯುಷಾ' ರಾಕೆಟ್‌ಗಳನ್ನು ಅವುಗಳ ಬೆನ್ನ ಮೇಲೆ ಏರಿಸಿ ಸೋವಿಯತ್ ಸೈನಿಕರು ಜರ್ಮನರ ಮೇಲೆ ಹಾರಿಸಿದರು. ಕೆಸರಲ್ಲೂ ಹಿಮದಲ್ಲೂ ನಡೆಯುತ್ತಿದ್ದ ಆ ಲಾರಿಯ ಹೆಸರು ರಷ್ಯನ್ನರ ಬಾಯಲ್ಲಿ ಮುದ್ದಿನಿಂದ ಮೊಟಕಾಯಿತು.

ಈಗ ಕೊಂಡವರ ಮಾತಿಗೆ ಬರೋಣ. ಸ್ಟುಡಿಬೇಕರನ್ನು ಅದರ ಮಾಲೀಕರು ಮೆಚ್ಚಿದ್ದೇಕೆ? ಒಂದು, ಮಿತವ್ಯಯ. 1939ರ 'ಚಾಂಪಿಯನ್' ಮಾದರಿ ಹಗುರವಾಗಿತ್ತು, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುತ್ತಿತ್ತು. ಎರಡು, 'ಹಿಲ್ ಹೋಲ್ಡರ್' ಎಂಬ ಸಣ್ಣ ಸಾಧನ. ಏರಿನಲ್ಲಿ ಕಾರು ನಿಲ್ಲಿಸಿ ಮತ್ತೆ ಹೊರಡುವಾಗ ಹಿಂದಕ್ಕೆ ಜಾರುವ ಭಯ ಹೊಸದಾಗಿ ಡ್ರೈವಿಂಗ್ ಕಲಿತವರಿಗೆಲ್ಲ ಗೊತ್ತು. ಕ್ಲಚ್ ಮತ್ತು ಬ್ರೇಕ್ ಎರಡನ್ನೂ ಒತ್ತಿ ಆಮೇಲೆ ಬ್ರೇಕಿನ ಮೇಲಿಂದ ಕಾಲು ತೆಗೆದರೂ, ಕ್ಲಚ್ ಬಿಡುವವರೆಗೆ ಬ್ರೇಕು ಹಿಡಿದೇ ಇರುವಂತೆ ಈ ಸಾಧನ ನೋಡಿಕೊಳ್ಳುತ್ತಿತ್ತು. 1936ರಷ್ಟು ಹಿಂದೆಯೇ ಸ್ಟುಡಿಬೇಕರಿನಲ್ಲಿ ಇದು ಬಂದಿತ್ತು. ಮೂರು, ಅದರ ರೂಪ. ಯುದ್ಧ ಮುಗಿದ ಮೇಲೆ ಬೇರೆಯವರು ಹಳೆಯ ಅಚ್ಚಿನ ಕಾರುಗಳನ್ನೇ ಮಾರುತ್ತಿದ್ದಾಗ, ಸ್ಟುಡಿಬೇಕರ್ 1947ರ ಮಾದರಿಯಾಗಿ ಪೂರ್ತಿ ಹೊಸ ವಿನ್ಯಾಸ ತಂದಿತು. ಹಿಂಬದಿಯ ಗಾಜು ಪಕ್ಕಗಳಿಗೂ ಸುತ್ತಿಕೊಂಡಿದ್ದ ಆ ಕಾರನ್ನು ಕಂಡು, 'ಇದು ಬರುತ್ತಿದೆಯೋ ಹೋಗುತ್ತಿದೆಯೋ' ಎಂದು ಜನ ತಮಾಷೆ ಮಾಡುತ್ತಿದ್ದರು. ತಮಾಷೆ ಮಾಡುತ್ತಲೇ ಕೊಂಡರು. ನಾನು ಮೆರವಣಿಗೆಯಲ್ಲಿ ನೋಡಿದ ವಿಮಾನದ ಮೂತಿ 1950ರದು. ಆ ವರ್ಷ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಕಂಪನಿ ಮತ್ತೆಂದೂ ಅಷ್ಟು ಎತ್ತರ ಮುಟ್ಟಲಿಲ್ಲ.

ದೂರುಗಳೂ ಇದ್ದವು. ಮುಂದಿನ ಮಡ್‌ಗಾರ್ಡಿನ ಒಳಗೆ ಕೆಸರು ಸಿಕ್ಕಿಕೊಂಡು ತುಕ್ಕು ಹಿಡಿಯುವುದು ಎಲ್ಲ ಮಾಲೀಕರಿಗೂ ಗೊತ್ತಿದ್ದ ರೋಗ. 1953ರಲ್ಲಿ ಬಂದ ತಗ್ಗಾದ, ಉದ್ದನೆಯ ಕೂಪೆ ಮಾದರಿ ಇಂದಿಗೂ ಅಮೆರಿಕದ ಅತಿ ಸುಂದರ ಕಾರುಗಳ ಸಾಲಿನಲ್ಲಿ ನಿಲ್ಲುತ್ತದೆ. ಆದರೆ ಆಗ ತಯಾರಿಕೆಯಲ್ಲಿ ಎಡವಟ್ಟಾಯಿತು. ಮುಂಭಾಗದ ತಗಡುಗಳು ಚೌಕಟ್ಟಿಗೆ ಸರಿಯಾಗಿ ಕೂರಲಿಲ್ಲ. ಅದು ಸಾಲದೆಂಬಂತೆ, ಜನ ಕೂಪೆ ಬೇಕೆಂದು ಕೇಳುತ್ತಿದ್ದಾಗ ಕಂಪನಿ ಸೆಡಾನುಗಳನ್ನು ಹೆಚ್ಚಾಗಿ ಮಾಡಿಟ್ಟಿತ್ತು.

ಆ ತಪ್ಪು ಮಾಡಬಾರದ ಹೊತ್ತಿನಲ್ಲಿ ಆಗಿತ್ತು. ಫೋರ್ಡ್ ಮತ್ತು ಜನರಲ್ ಮೋಟರ್ಸ್ ಪರಸ್ಪರ ಪೈಪೋಟಿಯಲ್ಲಿ ಬೆಲೆ ಇಳಿಸುತ್ತಿದ್ದವು. ಆನೆಗಳ ಕಾಳಗದಲ್ಲಿ ಹುಲ್ಲು ನಲುಗಿತು. ಸೌತ್ ಬೆಂಡ್ ಕಾರ್ಖಾನೆ ಹಳೆಯದು. ಒಂದು ಕಾರು ಮಾಡಲು ತಗಲುವ ಖರ್ಚು ಹೆಚ್ಚು. ಮುಷ್ಕರ ಬೇಡವೆಂದು ಆಡಳಿತ ವರ್ಷಾನುಗಟ್ಟಲೆ ಉದಾರವಾಗಿ ಕೂಲಿ ಕೊಟ್ಟಿತ್ತು. ತಂದೆ-ಮಗ ಜೊತೆಯಾಗಿ ದುಡಿಯುವ ಕಾರ್ಖಾನೆ ನಮ್ಮದೆಂದು ಜಾಹೀರಾತುಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು. 1954ರಲ್ಲಿ ಸಂಕಟ ಬಿಗಡಾಯಿಸಿದಾಗ ಕಾರ್ಮಿಕರು ಮೊದಲು ನಿರಾಕರಿಸಿ, ಬಳಿಕ ಮತ್ತೆ ಮತ ಹಾಕಿ ಕೂಲಿ ಕಡಿತ ಒಪ್ಪಿಕೊಂಡರು. ಅದೇ ವರ್ಷ ಪ್ಯಾಕಾರ್ಡ್ ಕಂಪನಿಯೊಡನೆ ವಿಲೀನವಾಯಿತು. ಒಬ್ಬ ರೋಗಿಗೆ ಇನ್ನೊಬ್ಬ ರೋಗಿಯ ಆಸರೆ ಎಂಬಂತಾಯಿತು. ಕೆಲವೇ ವರ್ಷಗಳಲ್ಲಿ ಪ್ಯಾಕಾರ್ಡ್ ಹೆಸರೂ ಅಳಿಯಿತು.

1959ರ ಮಾದರಿಯಾಗಿ ಬಂದ 'ಲಾರ್ಕ್' ಎಂಬ ಚಿಕ್ಕ ಕಾರು ಒಂದಿಷ್ಟು ಉಸಿರು ಕೊಟ್ಟಿತು. ಮರುವರ್ಷವೇ ದೊಡ್ಡ ಕಂಪನಿಗಳೂ ಚಿಕ್ಕ ಕಾರು ತಂದವು. ಕೊನೆಯ ಪ್ರಯತ್ನ 'ಅವಂತಿ'. ಹೆಸರು ಕೇಳಿ ನಮ್ಮ ಉಜ್ಜಯಿನಿ ನೆನಪಾಗಬಹುದು. ಅದು ಇಟಾಲಿಯನ್ ಪದ, 'ಮುಂದಕ್ಕೆ' ಎಂದು ಅರ್ಥ. ವಿನ್ಯಾಸಕಾರ ರೇಮಂಡ್ ಲೋವಿಯವರ ತಂಡ 1961ರಲ್ಲಿ ಪಾಮ್ ಸ್ಪ್ರಿಂಗ್ಸ್‌ನ ಮನೆಯೊಂದರಲ್ಲಿ ಕುಳಿತು ಕೆಲವೇ ವಾರಗಳಲ್ಲಿ ಅದರ ರೂಪ ಗೆರೆ ಎಳೆಯಿತು. ಮೈಯೆಲ್ಲ ಫೈಬರ್ ಗ್ಲಾಸ್. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಆದರೆ ಹೊರಗಿನಿಂದ ಬರುತ್ತಿದ್ದ ಫೈಬರ್ ಭಾಗಗಳಲ್ಲಿ ದೋಷ ಕಂಡು, ಮುಂಗಡ ಕೊಟ್ಟವರು ತಿಂಗಳುಗಟ್ಟಲೆ ಕಾಯಬೇಕಾಯಿತು. ಹಲವರು ಕಾದು ಬೇಸತ್ತು ಬೇರೆ ಕಾರು ಕೊಂಡರು. ಸ್ಟುಡಿಬೇಕರ್ ಮಾಡಿದ ಅವಂತಿಗಳು ಐದು ಸಾವಿರವನ್ನೂ ಮುಟ್ಟಲಿಲ್ಲ.

1963ರ ಡಿಸೆಂಬರ್ 9ರಂದು ಸೌತ್ ಬೆಂಡ್ ಕಾರ್ಖಾನೆ ಮುಚ್ಚುವ ಘೋಷಣೆಯಾಯಿತು. ಡಿಸೆಂಬರ್ 20ರಂದು, ಕ್ರಿಸ್ಮಸ್ಸಿಗೆ ಐದು ದಿನ ಇರುವಾಗ, ಅಲ್ಲಿಂದ ಕೊನೆಯ ಕಾರು ಹೊರಬಂತು. ಕೆನಡಾದ ಹ್ಯಾಮಿಲ್ಟನ್‌ನಲ್ಲಿದ್ದ ಘಟಕ 1966ರ ಮಾರ್ಚಿಯವರೆಗೆ ನಡೆದು ಅದೂ ನಿಂತಿತು.

ಮಿತ್ರರೇ, ಕಾರಿನ ಕಥೆ ಇಲ್ಲಿಗೆ ಮುಗಿಯಿತು ಎನ್ನಬಹುದು. ಕಾರ್ಮಿಕರ ಕಥೆ ಶುರುವಾಗುವುದೇ ಇಲ್ಲಿಂದ.

1950ರಲ್ಲಿ ಕಾರ್ಮಿಕ ಸಂಘ ಮತ್ತು ಕಂಪನಿ ಸೇರಿ ಪಿಂಚಣಿ ಯೋಜನೆ ಮಾಡಿಕೊಂಡಿದ್ದವು. ಅದಕ್ಕೆ ಮೊದಲು ದುಡಿದ ವರ್ಷಗಳನ್ನೂ ಸೇವೆಗೆ ಸೇರಿಸಿ ಲೆಕ್ಕ ಹಾಕುವುದಾಗಿ ಮಾತಾಯಿತು. ಆದರೆ ಆ ಹಳೆಯ ವರ್ಷಗಳ ಹಣವನ್ನು ಕಂಪನಿ ಒಮ್ಮೆಗೇ ಕಟ್ಟಬೇಕಾಗಿರಲಿಲ್ಲ. ಮೂವತ್ತು ವರ್ಷಗಳಲ್ಲಿ ಕಂತು ಕಂತಾಗಿ ಕಟ್ಟಿದರೆ ಸಾಕಿತ್ತು. ನಡುನಡುವೆ ಪಿಂಚಣಿ ಮೊತ್ತ ಏರಿಸಿದಾಗಲೆಲ್ಲ ಬಾಕಿಯೂ ಬೆಳೆಯಿತು. ಕಾರ್ಖಾನೆ ನಡೆಯುತ್ತಿರುವವರೆಗೆ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಬೀಗ ಬಿದ್ದ ದಿನ ನಿಧಿಯ ಪೆಟ್ಟಿಗೆ ತೆರೆದರೆ ಅದು ಅರೆತುಂಬಿತ್ತು. ನಿಧಿಯಲ್ಲಿ ಇರುವಷ್ಟಕ್ಕೆ ಮಾತ್ರ ಕಾರ್ಮಿಕರ ಹಕ್ಕು, ಕೊರತೆ ತುಂಬುವ ಹೊಣೆ ಕಂಪನಿಯದಲ್ಲ ಎಂಬುದು ಕರಾರಿನಲ್ಲೇ ಇತ್ತು. ಇಲ್ಲಿ ಗಮನಿಸಬೇಕಾದ ಸಂಗತಿ, ಕಂಪನಿ ದಿವಾಳಿಯಾಗಿರಲಿಲ್ಲ. ಕಾರು ಬಿಟ್ಟು ಬೇರೆ ವಸ್ತುಗಳ ವ್ಯಾಪಾರ ಮುಂದುವರಿಸಿಕೊಂಡೇ ಹೋಯಿತು.

ಯೋಜನೆಯಲ್ಲಿದ್ದವರು ಸುಮಾರು 10,500 ಮಂದಿ. ಆಗಲೇ ನಿವೃತ್ತರಾದವರು ಮತ್ತು ಅರವತ್ತು ತುಂಬಿ ನಿವೃತ್ತಿಗೆ ಅರ್ಹರಾದವರು, ಹೀಗೆ ಸುಮಾರು 3,600 ಜನರಿಗೆ ಪೂರ್ತಿ ಪಿಂಚಣಿ ದೊರೆಯಿತು. ಅದರಲ್ಲೇ ಹಣದ ಬಹುಪಾಲು ಮುಗಿಯಿತು. ನಲವತ್ತರಿಂದ ಅರವತ್ತರೊಳಗಿನ ಸುಮಾರು 4,000 ಜನರಿಗೆ ಬರಬೇಕಾದ ಒಂದು ಡಾಲರಿಗೆ 15 ಸೆಂಟಿನಂತೆ ಸಿಕ್ಕಿತು. ಇವರು ಸರಾಸರಿ 52 ವರ್ಷ ವಯಸ್ಸಿನವರು, 23 ವರ್ಷ ಅಲ್ಲೇ ದುಡಿದವರು. ಉಳಿದ ಸುಮಾರು 2,900 ಜನರಿಗೆ ಏನೂ ಸಿಗಲಿಲ್ಲ. ಐವತ್ತೆರಡು ಎಂದರೆ ಹೊಸ ಕೆಲಸಕ್ಕೆ ಯಾರೂ ಕರೆಯದ ವಯಸ್ಸು. ಮನೆಯಲ್ಲಿ ಕೂರುವುದಕ್ಕೂ ಆಗದ ವಯಸ್ಸು.

ಈ ಅನ್ಯಾಯ ವ್ಯರ್ಥವಾಗಲಿಲ್ಲ ಎನ್ನುವುದಷ್ಟೇ ಸಮಾಧಾನ. ಪಿಂಚಣಿ ಸುಧಾರಣೆಗೆ ಒತ್ತಾಯಿಸಿದವರೆಲ್ಲ ಸ್ಟುಡಿಬೇಕರ್ ಉದಾಹರಣೆಯನ್ನು ಮುಂದಿಟ್ಟರು. ಹತ್ತು ವರ್ಷಕ್ಕೂ ಮೀರಿದ ಚರ್ಚೆಯ ನಂತರ, 1974ರ ಸೆಪ್ಟೆಂಬರ್ 2ರಂದು, ಅಮೆರಿಕದ ಕಾರ್ಮಿಕ ದಿನದಂದೇ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ನೌಕರರ ನಿವೃತ್ತಿ ಆದಾಯ ಭದ್ರತಾ ಕಾಯ್ದೆಗೆ ಸಹಿ ಹಾಕಿದರು. ಪಿಂಚಣಿ ನಿಧಿಗೆ ಮಾಲೀಕರು ಎಷ್ಟು ಹಣ ಕಟ್ಟುತ್ತಿರಬೇಕೆಂದು ಅದು ನಿಯಮ ಮಾಡಿತು. ನಿಧಿ ಮುಳುಗಿದರೆ ಒಂದು ಮಿತಿಯವರೆಗೆ ಪಿಂಚಣಿ ಕೊಡುವ ಸರ್ಕಾರಿ ವಿಮಾ ನಿಗಮವನ್ನೂ ಸ್ಥಾಪಿಸಿತು. ಸೌತ್ ಬೆಂಡಿನ ಕಾರ್ಮಿಕರಿಗೆ ಮಾತ್ರ ಅದು ತಡವಾಗಿ ಬಂದ ಕೊಡೆ. ಅವರು ಆಗಲೇ ನೆನೆದಾಗಿತ್ತು.

ಇನ್ನು ಆ ಮಾಲೀಕರು ಹೇಳಿದ ಬಿಡಿಭಾಗದ ಮಾತು. ಸ್ಟುಡಿಬೇಕರ್ ಮಾಲೀಕರ ಸಂಘ 1962ರಲ್ಲಿ, ಕಂಪನಿ ಬದುಕಿದ್ದಾಗಲೇ ಹುಟ್ಟಿತ್ತು, ಇಂದಿಗೂ ಇದೆ. ನೇಥನ್ ಆಲ್ಟ್‌ಮನ್ ಮತ್ತು ಲಿಯೊ ನ್ಯೂಮನ್ ಎಂಬ ಸೌತ್ ಬೆಂಡಿನ ಇಬ್ಬರು ಡೀಲರುಗಳು ಅವಂತಿಯ ಹಕ್ಕು ಕೊಂಡು, ಹಳೆಯ ಕಾರ್ಖಾನೆಯ ಒಂದು ಭಾಗದಲ್ಲೇ, ಬೇರೆ ಕಂಪನಿಯ ಎಂಜಿನ್ ಕೂರಿಸಿ ಅದನ್ನು ಮತ್ತೆ ಕಟ್ಟಿದರು. ಮಾರಾಟವಾಗದೆ ಉಳಿದ ಬಿಡಿಭಾಗಗಳ ರಾಶಿ ಕೈಯಿಂದ ಕೈಗೆ ದಾಟಿತು. ಸೌತ್ ಬೆಂಡಿನ ಸ್ಟುಡಿಬೇಕರ್ ವಸ್ತುಸಂಗ್ರಹಾಲಯದಲ್ಲಿ ಕಂಪನಿಯ ದಾಖಲೆಗಳಿವೆ. ಕಾರಿನ ಕ್ರಮಸಂಖ್ಯೆ ಬರೆದು ಕಳುಹಿಸಿದರೆ, ಅದು ಯಾವಾಗ ತಯಾರಾಯಿತು, ಯಾವ ಬಣ್ಣ ಬಳಿದಿತ್ತು ಎಂಬ ಮೂಲ ಹಾಳೆಯ ಪ್ರತಿಯನ್ನು ಹಲವು ಮಾದರಿಗಳಿಗೆ ಇವತ್ತಿಗೂ ಕೊಡುತ್ತಾರೆ.

ಆ ಹಾಳೆಯ ವಿಷಯ ಓದಿದಾಗ ನನಗೆ ನೆನಪಾದದ್ದು ನಮ್ಮ ತಂದೆ. ಅವರು ದುಡಿದ ಕಾರ್ಖಾನೆ ನಾನು ಹೈಸ್ಕೂಲಿನಲ್ಲಿದ್ದಾಗ ಮುಚ್ಚಿತು. ಭವಿಷ್ಯನಿಧಿಯ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಅವರು ಎರಡು ವರ್ಷ ಓಡಾಡಿದರು. ಪ್ರತಿ ಸಲ ಕಿಟಕಿಯ ಆಚೆಯಿಂದ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ: 'ದಾಖಲೆ ಎಲ್ಲಿ?'

ಹಳೆಯ ಕಾರನ್ನು ಪ್ರೀತಿಸುವವರ ಬಗ್ಗೆ ನನಗೆ ಗೌರವವಿದೆ. ಅವರಿಲ್ಲದಿದ್ದರೆ ಈ ಕಥೆ ನನ್ನವರೆಗೆ ಬರುತ್ತಿರಲಿಲ್ಲ. ಇನ್ನೊಮ್ಮೆ ಅಂಥ ಮೆರವಣಿಗೆಗೆ ಹೋದರೆ ನೀವೂ ಕಾರಿನ ಹೊಳಪು ನೋಡಿ, ಚಿತ್ರ ತೆಗೆಯಿರಿ. ಜೊತೆಗೆ, ಇದನ್ನು ಮಾಡಿದವರಿಗೆ ಕೊನೆಗೆ ಏನು ಸಿಕ್ಕಿತು ಎಂದೂ ಒಮ್ಮೆ ಕೇಳಿ. ನಿಮ್ಮ ನಿಮ್ಮ ಪಿಂಚಣಿ, ಭವಿಷ್ಯನಿಧಿಗೆ ಕಟ್ಟಬೇಕಾದ ಹಣ ಕಟ್ಟಲಾಗುತ್ತಿದೆಯೇ ಎಂದು ಈ ತಿಂಗಳೇ ವಿಚಾರಿಸಿ ನೋಡಿ. ಕಾರ್ಖಾನೆ ನಡೆಯುತ್ತಿರುವಾಗ ಕೇಳಿದರೆ ಅದು ಲೆಕ್ಕ. ಬೀಗ ಬಿದ್ದ ಮೇಲೆ ಕೇಳಿದರೆ ಬರೀ ಗೋಳು.