ಚಿರತೆಯ ನೆರೆಹೊರೆ



ಥಾಣೆ ಖಾಡಿಯಾಚೆಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಚಿರತೆ ಕಾಣಿಸಿಕೊಂಡಾಗ, ಅದನ್ನು ಹಿಡಿದು ದೂರದ ಕಾಡಿಗೆ ಬಿಡಬೇಕೆಂಬ ಬೇಡಿಕೆ ಏಳುವುದು ಸಹಜವೇ. ಇದರ ಪರಿಣಾಮವೇನೆಂಬುದನ್ನು ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಅವರು ಪುಣೆ ಜಿಲ್ಲೆಯ ಜುನ್ನರದಲ್ಲಿ ಅಧ್ಯಯನ ಮಾಡಿದರು. ಅಲ್ಲಿ ಕಬ್ಬಿನ ಗದ್ದೆಗಳ ನಡುವೆ ವಾಸಿಸುತ್ತಿದ್ದ ಚಿರತೆಗಳನ್ನು 2001ರಿಂದ ಬೋನಿನಲ್ಲಿ ಹಿಡಿದು ಬೇರೆಡೆಯ ಅರಣ್ಯಗಳಿಗೆ ಸಾಗಿಸಲಾಯಿತು. ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿಗಳು, ಅನಂತರ 17ಕ್ಕೇರಿದವು. ಬಿಟ್ಟ ಸ್ಥಳಗಳ ಸುತ್ತಲೂ ದಾಳಿಗಳು ತಲೆದೋರಿದವು. ನೆಲೆ ತಪ್ಪಿದ ಪ್ರಾಣಿಯು ಅಪರಿಚಿತ ಸೀಮೆಯಲ್ಲಿ ಅಲೆಯತೊಡಗುತ್ತದೆ. ತೆರವಾದ ನೆಲೆಗೆ ಇನ್ನೊಂದು ಚಿರತೆ ಬಂದು ಸೇರಬಹುದು. ಅಕೋಲೆ ತಾಲೂಕಿನ ಹೊಲಗದ್ದೆಗಳಲ್ಲಿ ಚಿರತೆಯ ಮುಖ್ಯ ಆಹಾರ ನಾಯಿ ಎಂಬುದೂ ಅವರ ಅಧ್ಯಯನದಿಂದ ತಿಳಿದುಬಂದಿತು. ಕಸದ ರಾಶಿಯಿದ್ದಲ್ಲಿ ನಾಯಿ, ನಾಯಿಯಿದ್ದಲ್ಲಿ ಚಿರತೆ. ಆದುದರಿಂದ ಉದ್ಯಾನದ ಸಮೀಪದ ವಸತಿಗಳಲ್ಲಿ ಕಸವನ್ನು ದಿನವೂ ವಿಲೇವಾರಿ ಮಾಡುವುದು, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡದಿರುವುದು ಅತ್ಯಗತ್ಯ. ಚಿರತೆ ಕಂಡರೆ ಗುಂಪುಗೂಡಿ ಅದನ್ನು ಸುತ್ತುವರಿಯದೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.